ಗುರುಸ್ವಾಮಿಯ ಕಿವಿ, ಗೋಡೆಯಾಚೆಯ ಮಗ್ಗ

ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಗುರುಸ್ವಾಮಿಯ ಕಿವಿಯ ಬಗ್ಗೆ ಎರಡು ಮಾತಿರಲಿಲ್ಲ. ಮಗ್ಗದ ಮೇಲಿನ ಸಾವಿರಾರು ರೇಷ್ಮೆ ಎಳೆಗಳಲ್ಲಿ ಒಂದೇ ಒಂದು ಹರಿದರೂ ಲಾಳಿ ಓಡುವ ಸದ್ದಿನಲ್ಲೇ ಅವನಿಗೆ ಗೊತ್ತಾಗುತ್ತಿತ್ತು. ಮೂವತ್ತು ವರ್ಷ ಕಣ್ಣಿಗಿಂತ ಹೆಚ್ಚಾಗಿ ಕಿವಿಯಿಂದಲೇ ನೇಯ್ದವನು. ಹೊಟ್ಟೆಯಲ್ಲಿರಬೇಕಾದ ಕಿಚ್ಚು ಅಂಥ ಕಿವಿಗೆ ಹತ್ತಿಕೊಂಡದ್ದು ಪಕ್ಕದ ಮನೆಯಿಂದ.

ಒಂದೇ ಗೋಡೆಯ ಆಚೆಗೆ ರಂಗರಾಜುವಿನ ಮಗ್ಗ. ಹತ್ತು ವರ್ಷ ಚಿಕ್ಕವನು. ಯುಗಾದಿ ಕಳೆದದ್ದೇ, ಕಿವಿಗೆ ಕಡಲೆಬೀಜದಂಥ ಇಯರ್‌ಬಡ್ಸ್ ಸಿಕ್ಕಿಸಿಕೊಂಡು ತಲೆಯಾಡಿಸುತ್ತ ನೇಯತೊಡಗಿದ. ಬೀದಿಯಲ್ಲಿ ಹೋಗುವವರಿಗೆ ಬಾಗಿಲಿಂದ ಆ ಬಿಳಿ ಬೀಜ ಕಾಣುತ್ತಿತ್ತು. ತಲೆಯಾಡಿಸುತ್ತಲೇ ಅವನು ಗುರುಸ್ವಾಮಿಗಿಂತ ಒಂದು ದಿನ ಮೊದಲೇ ಸೀರೆ ಇಳಿಸತೊಡಗಿದ್ದು ಗುರುಸ್ವಾಮಿಗೆ ಮಾತ್ರ ಕಾಣುತ್ತಿತ್ತು.

ಅಷ್ಟರಲ್ಲಿ ಯಳಂದೂರಿನ ಮದುವೆಯೊಂದಕ್ಕೆ ಧಾರೆ ಸೀರೆ ನೇಯುವ ಕೆಲಸ ಬಂತು. ರೇಷ್ಮೆ ಕೊಟ್ಟು ಬೀದಿಯವರಿಂದ ನೇಯಿಸುವ ಮಾಲೀಕರು ಅದನ್ನು ಗುರುಸ್ವಾಮಿಗೇ ಕೊಟ್ಟರು.

"ಶುಕ್ರವಾರಕ್ಕೆ ಸೀರೆ ಕೈಗೆ ಬರ್ಬೇಕು. ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡು ಗುರುಸ್ವಾಮಿ, ರಂಗರಾಜು ಅವ್ನೆ."

ಕೊನೆಯ ಆ ಎರಡು ಪದ ಸಾಕಾದವು. ಅಂದೇ ಸಂಜೆ ಗುರುಸ್ವಾಮಿ ಬಸ್‌ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಗೆ ಹೋಗಿ ತಾನೂ ಒಂದು ಜೊತೆ ತಂದ.

ಎಡವಟ್ಟಾದದ್ದು ಮೊದಲ ದಿನವೇ. ಅವನ ಫೋನಿನಲ್ಲಿ ಚಾರ್ಜ್ ಇರಲಿಲ್ಲ. ಹೆಂಡತಿ ಭಾಗ್ಯಮ್ಮನ ಫೋನಿಗೆ ಪೇರ್ ಮಾಡಿ ನೋಡಿದ. ಆಮೇಲೆ ಅವನ ಫೋನಿಗೂ ಪೇರ್ ಆಯಿತು, ಆದರೆ ಬಡ್ಸ್‌ಗೆ ತವರಿನ ಮೋಹ ಬಿಡಲಿಲ್ಲ. ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ಅಡುಗೆಮನೆಯ ಫೋನಿಗೆ ಓಡಿಹೋಗಿ ಅಂಟಿಕೊಳ್ಳುತ್ತಿದ್ದವು. ಬಡ್ಸ್ ಒಳಗಿನ ಹೆಂಗಸು "ಕನೆಕ್ಟೆಡ್" ಎನ್ನುತ್ತಿದ್ದಳು; ಯಾರಿಗೆ ಎಂದು ಹೇಳುತ್ತಿರಲಿಲ್ಲ. ನೀಲಿ ಹಲ್ಲಿನ ಈ ಕಾಟಕ್ಕೆ ಗುರುಸ್ವಾಮಿ ಇದ್ದ ಹಲ್ಲನ್ನೆಲ್ಲ ಕಡಿದ.

"ನಿನ್ ಫೋನಲ್ಲಿ ಆ ಬ್ಲೂಟೂತ್ ಆಫ್ ಮಾಡೇ ಅಂದ್ನಲ್ಲ!"

"ಮಾಡಿವ್ನಿ ಕಣ್ರೀ. ಅದೇ ಆನಾಯ್ತದೆ. ಪಕ್ಕದ್ಮನೇಲಿ ಇಂಗೆಲ್ಲ ರಗಳೆ ಇಲ್ವಪ್ಪ."

ಅದನ್ನು ಹೇಳದಿದ್ದರೂ ನಡೆಯುತ್ತಿತ್ತು.

ಬುಧವಾರ ಮಧ್ಯಾಹ್ನ ಸೀರೆ ಸೆರಗಿಗೆ ಬಂದಿತ್ತು. ಎರಡೂ ಕಿವಿಗೆ ಬಡ್ಸ್ ಸಿಕ್ಕಿಸಿಕೊಂಡು ನೇಯುತ್ತಿದ್ದಾಗ ತನ್ನ ಫೋನಿನ ಹಾಡು ನಿಂತು, ಹನೂರಿನ ನಾದಿನಿ ಯಶೋದಳ ದನಿ ನೇರವಾಗಿ ಕಿವಿಯೊಳಕ್ಕೇ ಬಂತು. ಫೋನು ಭಾಗ್ಯಮ್ಮನದು, ಮಾತು ಮಾತ್ರ ಇವನಿಗೆ.

"ಅಕ್ಕಾ, ನೀನ್ ಕಳ್ಸಿದ್ ಫೋಟೋ ನೋಡ್ದೆ. ಅದೇನ್ ಅಂಚಕ್ಕಾ ರಂಗರಾಜಣ್ಣಂದು! ಭಾವಂಗೆ ಅಂಗ್ ನೇಯಾಕೆ ಬರಾಕಿಲ್ವಾ?"

ಅಡುಗೆಮನೆಯಲ್ಲಿ ಭಾಗ್ಯಮ್ಮ "ಹಲೋ, ಹಲೋ, ಏನೂ ಕೇಳಿಸ್ತಿಲ್ಲ ಕಣೇ" ಎಂದು ಕೂಗುತ್ತಿದ್ದಳು. ಗುರುಸ್ವಾಮಿ ಕರೆ ಕತ್ತರಿಸಬಹುದಿತ್ತು, ಆದರೆ ಇನ್ನೇನು ಹೊಗಳುತ್ತಾಳೋ ಕೇಳಬೇಕಿತ್ತು. ಕೈಕಾಲು ತಾವಾಗಿಯೇ ಓಡುತ್ತಿದ್ದವು, ಮೊದಲಿಗಿಂತ ಜೋರಾಗಿ.

"ಇದ್ಯಾಕಕ್ಕಾ ಟಕಟಕ ಅಂತದೆ? ಮಗ್ಗದ್ ತಾವ್ ಕುಂತಿದ್ದೀಯಾ?"

ಆಗ ಯಾರೋ ಬಂದು ಅವನ ಭುಜ ಹಿಡಿದು ಅಲುಗಿಸಿದರು. ನೋಡಿದರೆ ಅದೇ ರಂಗರಾಜು, ಏದುಸಿರು ಬಿಡುತ್ತಿದ್ದ.

"ನಿಲ್ಸಣ್ಣಾ! ಎಳೆ ಅರ್ದದೆ. ಲಾಳಿ ಕೀಸ್ತಾ ಅದೆ. ಆಗ್ಲಿಂದ ಗೋಡೆ ಗುದ್ತಾ ಇವ್ನಿ, ನಿಂಗೆ ಕೇಳಾಕಿಲ್ವಾ?"

ಗುರುಸ್ವಾಮಿ ಬಡ್ಸ್ ಕಿತ್ತ. ಹರಿದ ಎಳೆ ಅಕ್ಕಪಕ್ಕದವನ್ನೂ ಸುತ್ತಿಕೊಂಡು, ನಾಲ್ಕು ಬೆರಳಗಲ ಸೆರಗು ಕೆಟ್ಟಿತ್ತು. ಅವನಿಗೆ ಅಳು ಬಂತು, ಬಂದದ್ದು ಪ್ರಶ್ನೆಯಾಗಿ.

"ನೀನೂ ಕಿವೀಗೆ ಆಕಂಡಿದ್ದೀಯಲ್ಲೋ, ನಿಂಗೆಂಗ್ ಕೇಳ್ತು?"

ರಂಗರಾಜು ತಲೆ ತಿರುಗಿಸಿ, ನೇಯುವಾಗ ಗೋಡೆಯ ಕಡೆಗಿರುತ್ತಿದ್ದ ಕಿವಿ ತೋರಿಸಿದ. ಅದು ಖಾಲಿ.

"ಈ ಕಡೀಕೆ ಆಕ್ಕೊಳಾಕಿಲ್ಲಣ್ಣ. ನಿನ್ ಮಗ್ಗದ್ ಸದ್ದು ಕೇಳ್ತಿದ್ರೇನೆ ನನ್ ಕೈ ಓಡಾದು. ನಿನ್ನ ಇಂದಕ್ಕೆ ಆಕ್ಬೇಕು ಅಂತ."

ಇಬ್ಬರೂ ಕುಳಿತು ಸಂಜೆಯವರೆಗೆ ಬಿಚ್ಚಿದರು, ಎಳೆ ಕೂಡಿಸಿದರು. ಶುಕ್ರವಾರ ಸೀರೆ ಯಳಂದೂರಿಗೆ ಹೋಯಿತು. ಬಡ್ಸ್ ಅವು ಬಯಸಿದಂತೆಯೇ ಭಾಗ್ಯಮ್ಮನ ಪಾಲಾದವು.

ಗುರುಸ್ವಾಮಿ ಈಗ ಬರಿಗಿವಿಯಲ್ಲೇ ನೇಯುತ್ತಾನೆ: ಒಂದು ಕಿವಿ ತನ್ನ ಲಾಳಿಯ ಮೇಲೆ, ಇನ್ನೊಂದು ಗೋಡೆಯ ಮೇಲೆ. ಆಚೆ ಎಳೆ ಹರಿದ ಸದ್ದು ಕೇಳಬೇಕು, ತಾನೂ ಓಡಿಹೋಗಿ ರಂಗರಾಜುವಿನ ಭುಜ ಅಲುಗಿಸಿ "ನಿಲ್ಸೋ" ಅನ್ನಬೇಕು. ಒಂದೇ ಒಂದು ಸಲ ಸಾಕು. ಎರಡು ತಿಂಗಳಾಯಿತು. ಆ ಹಾಳಾದ ಮಗ್ಗದಲ್ಲಿ ಇನ್ನೂ ಒಂದೆಳೆಯೂ ಹರಿದಿಲ್ಲ.