ಶಿವಣ್ಣನ ಮಾತ್ರೆ, ನನ್ನ ಎಳನೀರು

ರಾಮನಗರದ ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಹರಾಜು ಕೂಗುವಾಗ ಒಳ್ಳೆ ಗೂಡೆಲ್ಲ ಶಿವಣ್ಣನ ಪಾಲಿಗೇ ಹೋಗುತ್ತಿತ್ತು. ನಾನೂ ಅವನ ಹಾಗೇ ನೂಲು ತೆಗೆಯುವವನು. ಇಬ್ಬರಿಗೂ ಬಿಪಿ, ಡಾಕ್ಟರೂ ಒಬ್ಬರೇ. ಒಂದು ದಿನ ಅವನು ಜೇಬಿನಿಂದ ಹೊಸ ಮಾತ್ರೆ ತೆಗೆದು ತೋರಿಸಿ, "ಇದು ಕಿಡ್ನಿನೂ ಕಾಯ್ತದಂತೆ ಕಣ್ಲಾ" ಅಂದ. ನನಗೆ ಕೊಟ್ಟಿದ್ದು ಬಿಪಿ ಇಳಿಸುವ ಹಳೇ ಮಾತ್ರೆ, ಅಷ್ಟೇ. ಹೊಟ್ಟೆ ಉರಿದುಹೋಯಿತು.

ನಮ್ಮ ಡಾಕ್ಟರ ಕ್ಲಿನಿಕ್ಕಿನಲ್ಲಿ ಮೂರು ನಾಲ್ಕು ಜನ ಒಟ್ಟಿಗೇ ಒಳಗೆ ಕೂರುವುದು ವಾಡಿಕೆ. ಶಿವಣ್ಣನ ಎದುರೇ ಕೇಳಿದೆ: "ಸಾರ್, ನನ್ನ ಕಿಡ್ನಿ ಏನ್ ಪಾಪ ಮಾಡೈತೆ?"

ಡಾಕ್ಟರು ನಗಲಿಲ್ಲ, ಶಿವಣ್ಣನ ಕಡೆ ಕೈ ತೋರಿಸಿದರು. "ಇವರಿಗೆ ಶುಗರಿಂದ ಮೂತ್ರದಲ್ಲಿ ಪ್ರೋಟೀನ್ ಸೋರಿ ಹೋಗ್ತಿದೆ. ರಕ್ತನಾಳ ಬಿಗಿ ಮಾಡೋ ಹಾರ್ಮೋನು ಕೆಲಸ ಮಾಡದ ಹಾಗೆ ಈ ಮಾತ್ರೆ ತಡೆಯುತ್ತೆ, ಕಿಡ್ನಿ ಮೇಲಿನ ಒತ್ತಡ ಇಳಿಯುತ್ತೆ. ಆದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಬಹುದು. ಇವರಿಗೆ ಏರಿದೆ. ಎಳನೀರಲ್ಲಿ ಪೊಟ್ಯಾಸಿಯಂ ಜಾಸ್ತಿ, ಇನ್ನು ಅದನ್ನ ಮುಟ್ಟೋ ಹಾಗಿಲ್ಲ. ನಿಮ್ಮ ಕಿಡ್ನಿ ಚೆನ್ನಾಗೇ ಇದೆ."

ಆಚೆ ಬಂದವನೇ ಎಳನೀರು ಕೊಚ್ಚಿಸಿದೆ. ಕಾಯಿ ಬರಿದಾಗುವವರೆಗೂ ಶಿವಣ್ಣ ನನ್ನ ಗಂಟಲನ್ನೇ ನೋಡುತ್ತ ನಿಂತಿದ್ದ.

"ಹೆಂಗೈತ್ಲಾ?" ಅಂದ.

"ಸಪ್ಪೆ ಕಣ್ಲಾ" ಅಂದೆ. ಅಂದು, ಇನ್ನೊಂದು ಕೊಚ್ಚೋಕೆ ಹೇಳಿದೆ.