ಬೂಷ್ಟಕ್ಕ ಮತ್ತು ಕಿತ್ತಳೆ ಹಣ್ಣು

ಔಷಧಿ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಬೂಷ್ಟಕ್ಕ ಅಂತಲೇ ಕರೆಯುತ್ತಿದ್ದರು. ತಪ್ಪೇನಿಲ್ಲ. ನಾವು ಮೂಗು ಮುಚ್ಚಿಕೊಂಡು ಎಸೆಯುವ ಬೂಷ್ಟನ್ನು ಅವಳು ಗಾಜಿನ ಕೊಳವೆಗಳಲ್ಲಿ ಹೆತ್ತ ಮಗುವಿನಂತೆ ಸಾಕುತ್ತಿದ್ದಳು. ಸೂಜಿಯನ್ನು ಬೆಂಕಿಗೆ ಹಿಡಿದು, ಆರಿಸಿ, ಹಳೇ ಕೊಳವೆಯಿಂದ ಹೊಸದಕ್ಕೆ ಒಂದು ಚೂರು ದಾಟಿಸಬೇಕು. ಅದೇ ಮುಂದೆ ದೊಡ್ಡ ಪೀಪಾಯಿಗಳಲ್ಲಿ ಬೆಳೆದು ಕೀವು ತುಂಬಿದ ಗಾಯಕ್ಕೆ ಮದ್ದಾಗುತ್ತಿತ್ತು. "ಅಣಬೆ, ಬ್ರೆಡ್ ಉಬ್ಬಿಸೋ ಯೀಸ್ಟು, ಈ ಬೂಷ್ಟು, ಎಲ್ಲಾ ಒಂದೇ ವಂಶ ಕಣ್ರೀ. ಇವು ಇಲ್ದಿದ್ರೆ ಬಿದ್ದ ಎಲೆ ಕೊಳೀತಾನೇ ಇರ್ಲಿಲ್ಲ, ನಾವು ಕಸದಲ್ಲೇ ಮುಳುಗಿರ್ತಿದ್ವಿ" ಎಂದು ಹೊಸಬರಿಗೆ ಪಾಠ ಹೇಳುವಾಗ ಅವಳ ಮುಖ ನೋಡಬೇಕಿತ್ತು!

ಅವಳ ಮಗಳಿಗೆ ಆಗ ಐದು ವರ್ಷ. ಶಾಲೆಯಲ್ಲಿ ಕೊಟ್ಟ ಕಿತ್ತಳೆಯನ್ನು ಅಮ್ಮನಿಗೆಂದು ಆಟಿಕೆ ಡಬ್ಬಿಯಲ್ಲಿ ಬಚ್ಚಿಟ್ಟು ಮರೆತಿದ್ದಳು. ಒಂದು ಬೆಳಗ್ಗೆ ನೆನಪಾಗಿ ಓಡಿ ಬಂದು ಕೊಟ್ಟಾಗ ಹಣ್ಣಿನ ತುಂಬ ಹಸಿರು ಪುಡಿ. ಕೆಲಸಕ್ಕೆ ಹೊರಟಿದ್ದ ತಾಯಿ ನಕ್ಕು, ಮಗಳನ್ನು ಎತ್ತಿ ಅಪ್ಪಿಕೊಂಡಳು. ವಾರದೊಳಗೆ ಕಾರ್ಖಾನೆಯ ಕೊಳವೆಗಳಲ್ಲೆಲ್ಲ ಮದ್ದಿನ ಬೂಷ್ಟಿನ ಬದಲು ಅದೇ ಹಸಿರು. ಮೂರು ಪೀಪಾಯಿ ಮದ್ದು ಚರಂಡಿ ಪಾಲಾಯಿತು. ಯಾರ ತಪ್ಪೆಂದು ಯಾರೂ ಕೇಳಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವಂತೆ ಅವಳೊಬ್ಬಳೇ ಅಂದು ಮಗಳನ್ನು ಎತ್ತಿಕೊಂಡಿದ್ದ ತನ್ನ ತೋಳು ನೋಡಿಕೊಂಡಳು.

ಅಂದಿನಿಂದ ಬೆಳಗ್ಗೆ ಮಿಂದ ಮೇಲೆ ಮಗಳು ಅವಳನ್ನು ಮುಟ್ಟುವಂತಿಲ್ಲ. ಕಾರ್ಖಾನೆಯ ಬೂಷ್ಟು ಮಗುವಿಗೆ ತಾಗದಿರಲೆಂದು, ಸಂಜೆ ಬಂದು ಮೀಯುವ ತನಕವೂ ಹತ್ತಿರ ಸುಳಿಯುವಂತಿಲ್ಲ. ಮೊದಮೊದಲು ಮಗು ಬಾಗಿಲಲ್ಲಿ ನಿಂತು ಅತ್ತಿತು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿಯುವುದನ್ನು ಕಲಿಯಿತು. ಇವಳು ಮಿಂದು, ತಲೆ ಒರೆಸಿಕೊಂಡು ಬರುವಷ್ಟರಲ್ಲಿ ಅದು ಅಪ್ಪನ ತೊಡೆಯ ಮೇಲೆ ನಿದ್ದೆ ಹೋಗಿರುತ್ತಿತ್ತು. ಮುದ್ದು ಮಾಡುವುದೆಲ್ಲಾ ನಿವೃತ್ತಿಯಾದ ಮೇಲೆ, ಎಂದು ಅವಳು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಇಪ್ಪತ್ತನಾಲ್ಕು ವರ್ಷ ಬೂಷ್ಟಿಗೆ ಸಿಕ್ಕ ಕೈ ಮಗಳಿಗೆ ಸಿಗಲಿಲ್ಲ.

ನಿವೃತ್ತಿಯ ದಿನ ಅವಳು ಕಾರ್ಖಾನೆಯಲ್ಲೇ ಮಿಂದು, ಹೊಸ ಬಟ್ಟೆ ಹಾಕಿಕೊಂಡು, ದಾರಿಯಲ್ಲಿ ಕಿತ್ತಳೆ ಕೊಂಡು ಮನೆಗೆ ಬಂದಳು. ಬಾಗಿಲು ತೆರೆದ ಮಗಳು ಎರಡು ಹೆಜ್ಜೆ ಹಿಂದೆ ಸರಿದಳು.

"ಮಿಂದೇ ಬಂದಿದೀನಿ ಕಣೇ. ಇನ್ಮೇಲೆ ಮುಟ್ಬಹುದು."

"ಹೌದಾ ಅಮ್ಮ?" ಎಂದು ಮಗಳು ನಕ್ಕಳು. ಕೈ ಚಾಚಿ ಹಣ್ಣಿನ ಚೀಲ ತೆಗೆದುಕೊಂಡಳು, ಬೆರಳಿಗೆ ಬೆರಳು ತಾಗದ ಹಾಗೆ. "ನೀರು ಕಾದಿದೆ, ಸ್ನಾನಕ್ಕೆ ಹೋಗು."

ಬೂಷ್ಟಕ್ಕ ಇನ್ನೊಮ್ಮೆ ಮೀಯಲು ಹೋದಳು.