ನಾಶಿ ಎಂದರೆ ನಮ್ಮವರು

ಉಪ್ಪು ಕೇಳುವಾಗಲೂ ಅವರ ಬಲಗೈ ಹೆಗಲಿಗಿಂತ ಮೇಲೆ ಏರುತ್ತಿತ್ತು. ಬೆರಳು ಜೋಡಿಸಿ, ಗಾಳಿಯನ್ನು ಕಡಿಯುವಂತೆ ಕೆಳಗಿಳಿಸಿ, ಆಮೇಲೆ ಮಾತು. ಆ ಗುರುವಾರವೂ ಅಷ್ಟೆ. ದುಬೈಯ ಅಲ್ ಬರ್ಷಾದ ನಮ್ಮ ಫ್ಲ್ಯಾಟಿನಲ್ಲಿ ಕೂತು ನೀರುದೋಸೆಯನ್ನು ಕೋಳಿಸಾರಿಗೆ ಅದ್ದಿ ತಿಂದರು. ಸಾರಿಗೆ ಕಳೆದ ಸಲದಷ್ಟು ಖಾರವಿಲ್ಲವೆಂದು ಕೈ ಎತ್ತಿ ಖಂಡಿಸಿದರು. "ಎಂತ ಮಾರಾಯ್ತಿ!" ಅವರಿಗೆ ಬರುತ್ತಿದ್ದ ಕನ್ನಡ ಅಷ್ಟೆ, ಅದೂ ನನ್ನ ಗಂಡ ಕಲಿಸಿದ್ದು. ನಾಳೆ ಬರುತ್ತೇನೆ ಎಂದು ಹೇಳಿ ಹೋದರು. ಮರುದಿನ ಬೆಳಿಗ್ಗೆ ಎದುರು ಫ್ಲ್ಯಾಟಿನಿಂದ ಅವರ ಮಗಳು ಬಂದು ನಮ್ಮ ಬಾಗಿಲು ಬಡಿದಳು. ರಾತ್ರಿ ಮಲಗಿದವರು ಮತ್ತೆ ಎದ್ದಿರಲಿಲ್ಲ.

ನಾವು ಅವರನ್ನು ಅಜ್ಜ ಎನ್ನುತ್ತಿದ್ದೆವು. ಸರ್ಬಿಯಾದವರು. ಹೆಂಡತಿ ತೀರಿಕೊಂಡ ಮೇಲೆ, ಇಲ್ಲಿ ಕೆಲಸದಲ್ಲಿರುವ ಮಗಳು ಕರೆದುಕೊಂಡು ಬಂದಿದ್ದಳು. ಬಾಲ್ಕನಿಯ ಟೊಮೆಟೊ ಗಿಡಕ್ಕೆ ನೀರು ಹಾಕುವರು. ಲಿಫ್ಟಿನಲ್ಲಿ ಸಿಕ್ಕಿದವರಿಗೆಲ್ಲ ಕೈಕುಲುಕುವರು. ಅದು ವೋಟು ಕೇಳಿದವರ ಅಭ್ಯಾಸವೆಂದು ನಮಗೆ ಆಮೇಲೆ ತಿಳಿಯಿತು.

ಹೊಳೆಬದಿಯ ಊರೊಂದರಲ್ಲಿ ಚರಿತ್ರೆಯ ಮೇಷ್ಟ್ರಾಗಿದ್ದರಂತೆ. ದೇಶ ಒಡೆಯತೊಡಗಿದಾಗ ಲಾರಿ ಹತ್ತಿ ಭಾಷಣ ಮಾಡಿದರು. ಜನ ಹೊತ್ತು ಮೆರೆಸಿದರು. ಪಾರ್ಲಿಮೆಂಟಿಗೆ ಹೋದರು, ಮತ್ತೊಮ್ಮೆ ಗೆದ್ದರು, ಪಕ್ಷ ಎರಡಾದಾಗ ಗದ್ದಲ ಹೆಚ್ಚಿದ್ದ ಕಡೆ ನಿಂತರು. ಕೊನೆಗೆ ಅವರಿಗಿಂತ ದೊಡ್ಡ ಗಂಟಲಿನವನೊಬ್ಬ ಬಂದು ಸೋಲಿಸಿದ.

ಅವರ ಜತೆ ನಮ್ಮ ಮಾತು ಇಂಗ್ಲಿಷಿನಲ್ಲಿ. ಇಲ್ಲಿ ನಮ್ಮ ಬಾಯಿಗೆ ಬರುವ ಹಾಗೆ ಬರೆದಿದ್ದೇನೆ.

"ನಮ್ಮ ಊರಲ್ಲೂ ನಿಮ್ಮಂಥವರು ಉಂಟು ಅಜ್ಜ, ಮೈಕ್ ಸಿಕ್ಕಿದ್ರೆ ಬಿಡುದೇ ಇಲ್ಲ," ಎಂದು ನನ್ನ ಗಂಡ ಛೇಡಿಸಿದರೆ, "ನನಗೆ ಮೈಕೇ ಬೇಕಿರಲಿಲ್ಲ," ಎನ್ನುವರು, ಮುಖವೆಲ್ಲ ನಗು.

ಒಮ್ಮೆ, ಊರಿನ ಚೌಕದಲ್ಲಿ ಮಾಡಿದ ಹಳೆಯ ಭಾಷಣದ ವಿಡಿಯೋ ತೋರಿಸಿದರು. ಮಾತು ಮಾತಿಗೆ "ನಾಶಿ, ನಾಶಿ" ಎಂಬ ಕೂಗು. "ಯಾರನ್ನು ನಾಶ ಮಾಡುದು ಅಜ್ಜ?" ಎಂದು ಕೇಳಿದೆ. ಅವರಿಗೆ ತಿಳಿಯಲಿಲ್ಲ. ನಾಶಿ ಎಂದರೆ ಅವರ ಭಾಷೆಯಲ್ಲಿ ನಮ್ಮವರು. ನನ್ನ ಕಿವಿಗೆ ಅದು ಹೇಗೆ ಕೇಳಿತೆಂದು ಬಿಡಿಸಿ ಹೇಳಿದೆ. ಅವರು ಫೋನು ಆರಿಸಿದರು. "ಆ ದಿನ ನೀನು ಆ ಚೌಕದಲ್ಲಿರಬೇಕಿತ್ತು," ಎಂದರು.

ಆ ಚೌಕದಲ್ಲಿ ಅವರ ಗೆಳೆಯರೊಬ್ಬರು ಇದ್ದರಂತೆ. ಮುಸಲ್ಮಾನರು. ಅಜ್ಜನ ಮದುವೆಗೆ ಸಾಕ್ಷಿಯಾಗಿ ನಿಂತವರು. ಅವರಲ್ಲಿ ಆ ನಂಟು ಒಡಹುಟ್ಟಿದವರಿಗಿಂತ ಹೆಚ್ಚು. "ನಮ್ಮವರಲ್ಲದವರು ಊರು ಬಿಡಲಿ" ಎಂದು ಅಜ್ಜ ಲಾರಿಯ ಮೇಲಿಂದ ಕೂಗಿದ್ದನ್ನು ಅವರು ಕೆಳಗೆ ನಿಂತು ಕೇಳಿದರು. ಅದೇ ವಾರ ಮನೆಮಂದಿಯೊಂದಿಗೆ ಊರು ಬಿಟ್ಟರು.

ಆ ಗೆಳೆಯರು ಈಗ ಅಬುಧಾಬಿಯಾಚೆಯ ರುವೈಸಿನಲ್ಲಿ ಇಂಜಿನಿಯರ್ ಮಗನ ಜತೆ ಇದ್ದಾರೆಂದು ಹೇಗೋ ಗೊತ್ತಾಯಿತು. ಅಜ್ಜನದು ಒಂದೇ ಆಸೆ: ತಮ್ಮ ಮನೆದೇವರ ಹಬ್ಬಕ್ಕೆ ಗೆಳೆಯ ಬರಬೇಕು. ಚಳಿಗಾಲದಲ್ಲಿ ಬರುವ ಹಬ್ಬ. ಮೇಣದ ಬತ್ತಿ ಹಚ್ಚಿ, ಬೇಯಿಸಿದ ಗೋಧಿಗೆ ಸಕ್ಕರೆ ಬೆರೆಸಿ ಹಂಚುತ್ತಾರೆ. ಅದಕ್ಕೆ ಯಾರನ್ನೂ ಕರೆಯುವ ಕ್ರಮವಿಲ್ಲ. ನೆನಪಿಟ್ಟವರು ತಾವಾಗಿ ಬರಬೇಕು. ಆ ವರ್ಷದ ಹಬ್ಬಕ್ಕೆ ಅಜ್ಜ ಇಡೀ ದಿನ ಬಾಗಿಲು ತೆರೆದು ಕೂತಿದ್ದರು.

"ಬಾಗಿಲು ತೆರೆದಿಟ್ರೆ ಡೆಲಿವರಿಯವ ಬರ್ತಾನೆ, ಗೆಳೆಯ ಬರುದಿಲ್ಲ," ಎಂದರು ನನ್ನ ಗಂಡ. "ನಮ್ಮಲ್ಲಿ ಮನೆಗೆ ಹೋಗಿ ಹೇಳಿಕೆ ಕೊಡದಿದ್ರೆ ಅಳಿಯನೂ ಬರುದಿಲ್ಲ. ಓಡಿಸಿದ್ದು ನೀವು, ಹೋಗಿ ಕರೀಬೇಕಾದ್ದೂ ನೀವೇ."

"ನಮ್ಮಲ್ಲಿ ಆ ಕ್ರಮ ಇಲ್ಲ."

"ನಮ್ಮಲ್ಲಿ ಉಂಟಲ್ಲ, ಅದನ್ನೇ ತಕೊಳ್ಳಿ. ಯಲ್ಲಾ, ಹೊರಡಿ ಅಜ್ಜ, ಮುಂದಿನ ವರ್ಷದ್ದಕ್ಕೆ ಈಗಲೇ ಹೇಳಿ ಬರುವ."

ಶನಿವಾರ ಮೂವರೂ ಕಾರಿನಲ್ಲಿ ಹೊರಟೆವು. ಅಬುಧಾಬಿ ದಾಟಿ, ಮರುಭೂಮಿಯಲ್ಲಿ ಸಾಗಿ ರುವೈಸ್ ಮುಟ್ಟಿದೆವು. ಕಂಪನಿ ಕ್ವಾರ್ಟರ್ಸಿನ ಬಾಗಿಲು ತೆರೆದವರು ಸಣಕಲು ದೇಹದ ಮುದುಕರು. ಅಜ್ಜ ಟೊಪ್ಪಿ ತೆಗೆದು ಎರಡೂ ಕೈಯಲ್ಲಿ ಹಿಡಿದು, ತಗ್ಗಿದ ದನಿಯಲ್ಲಿ ಏನೋ ಹೇಳಿದರು. ಗೆಳೆಯರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಎಲ್ಲರಿಗೂ ಕಾಫಿ ಕೊಟ್ಟರು. ಹಬ್ಬದ ಮಾತಿಗೆ, ನೋಡುವ ಎಂದಷ್ಟೇ ಉತ್ತರ.

"ಬಾಗಿಲಲ್ಲಿ ಎಂತ ಹೇಳಿದ್ದು ಅಜ್ಜ?" ಎಂದು ಕಾರಿನಲ್ಲಿ ಕೇಳಿದೆ.

"ಲಾರಿಯ ಮೇಲೆ ಹೇಳಿದ್ದು ತಪ್ಪು ಎಂದೆ. ಕೆಳಗೆ ನಿನ್ನನ್ನು ಕಂಡೂ ಹೇಳಿದೆ ಎಂದೆ."

ದುಬೈ ಬರುವ ತನಕ ಹಾಡಿದರು. ಶ್ರುತಿ ತಾಳ ಒಂದೂ ಇರಲಿಲ್ಲ.

ಮುಂದಿನ ಹಬ್ಬಕ್ಕೆ ಗೆಳೆಯರು ಬರಲಿಲ್ಲ. ಅಜ್ಜ ಬೇಸರ ಮಾಡಿಕೊಳ್ಳಲಿಲ್ಲ. ಬಾಗಿಲು ಮುಚ್ಚಿಯೇ ಇತ್ತು. "ಅವನಿಗೆ ಬಾಗಿಲು ಬಡಿಯಲು ಬರುತ್ತದೆ," ಎಂದು ನಮಗೆ ಗೋಧಿ ಬಡಿಸಿದರು.

ಸಾವಿನ ಮನೆಗೆ ಹೇಳಿಕೆ ಬೇಡ. ಅದು ಅವರಲ್ಲೂ ಹಾಗೆಯೇ ಇರಬೇಕು. ಸುದ್ದಿ ತಿಳಿದು ಗೆಳೆಯರು ರುವೈಸಿನಿಂದ ಬಂದರು. ಮಗಳ ಪಕ್ಕದಲ್ಲಿ ಕೂತು, ಇಬ್ಬರೂ ಹುಡುಗರಾಗಿದ್ದಾಗ ಪಾದ್ರಿಯ ತೋಟದಲ್ಲಿ ಹಣ್ಣು ಕದ್ದು ಸಿಕ್ಕಿಬಿದ್ದ ಕಥೆ ಹೇಳಿದರು. ಅವಳು ಆ ದಿನ ಮೊದಲ ಸಲ ನಕ್ಕಳು. ಹೊರಡುವಾಗ ಅವಳ ತಲೆಯ ಮೇಲೆ ಕೈಯಿಟ್ಟರು. ಅವಳು ಲಿಫ್ಟಿನ ತನಕ ಹೋಗಿ, ಬಾಗಿಲು ಮುಚ್ಚುವವರೆಗೆ ಅವರ ಮುಖ ನೋಡುತ್ತ ನಿಂತಳು.

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ಇವತ್ತಿನವರೆಗೂ ಹೇಳಿಲ್ಲ.